ಲೈನ್ ಮನೆಯಲ್ಲಿ ಕೇಳಿದ ಒಂಬತ್ತು ಪ್ರಶ್ನೆ: ಆರೋಗ್ಯದ ಸಮಾಜ ವಿಜ್ಞಾನ ಕಲಿಸುವವರಿಗೆ ನಮ್ಮ ಕಡೆ ಜಾಗ ಇದೆಯಾ?

ಹೇಮಾವತಿ ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಸಮಾಜಕಾರ್ಯ ವಿಭಾಗದ ಅತಿಥಿ ಉಪನ್ಯಾಸಕಿ. ಏಳು ವರ್ಷ ಆಯಿತು. ಎಂಎಸ್‌ಡಬ್ಲ್ಯೂ ಓದುವವರಿಗೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಕಲಿಸುತ್ತೇನೆ. ಈ ಚರ್ಚಾ ಗುಂಪಿನಲ್ಲಿ ಡಾಕ್ಟರುಗಳು, ಆಶಾ ಕಾರ್ಯಕರ್ತೆಯರು, ಮೇಷ್ಟ್ರುಗಳು, ತೋಟದವರು ಎಲ್ಲಾ ಇದ್ದೀರಿ. ಒಂದು ವಿಷಯ ತುಂಬಾ ದಿನದಿಂದ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೋದ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಒಂದು ಕಾಫಿ ತೋಟಕ್ಕೆ ಕ್ಷೇತ್ರಕಾರ್ಯಕ್ಕೆ ಹೋಗಿದ್ದೆವು. ಕುಯ್ಲಿನ ಕಾಲ. ಸಂಜೆ ಐದೂವರೆ. ಹಣ್ಣಿನ ಚೀಲ ತೂಕ ಹಾಕಿಸಿ ಹೆಂಗಸರು ಒಬ್ಬೊಬ್ಬರೇ ಲೈನ್ ಮನೆಗೆ, ಅಂದರೆ ತೋಟದ ಕೆಲಸದವರ ಸಾಲು ಮನೆಗೆ, ವಾಪಸ್ ಬರುತ್ತಿದ್ದರು. ನನ್ನ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ ಪಿಎಚ್‌ಕ್ಯೂ-9 ಹಾಳೆ ಇತ್ತು. ಖಿನ್ನತೆ ಇರಬಹುದಾ ಅಂತ ಮೊದಲಿಗೆ ಅಂದಾಜು ಮಾಡಲು ಎಷ್ಟೋ ದೇಶಗಳಲ್ಲಿ ಬಳಸುವ ಹಾಳೆ ಅದು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ. ಒಟ್ಟು 27. ಸಾಮಾನ್ಯವಾಗಿ 10 ಬಂದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ.

ಸುಮಾರು ನಲವತ್ತೈದು ವರ್ಷದ ಒಬ್ಬ ಹೆಂಗಸು ಜಗಲಿಯ ಮೇಲೆ ಕೂತರು. ಕೈಬೆರಳೆಲ್ಲ ಹಣ್ಣಿನ ಅಂಟಿಗೆ ಕಪ್ಪಾಗಿತ್ತು. ನಮ್ಮ ಹುಡುಗಿ ಮೊದಲ ಪ್ರಶ್ನೆ ಓದಿದಳು. "ಕೆಲಸ ಕಾರ್ಯಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?"

ಆಯಮ್ಮ ಸ್ವಲ್ಪ ಹೊತ್ತು ಅವಳ ಮುಖ ನೋಡಿದರು. "ಆಸಕ್ತಿ ಅಂದ್ರೆ ಏನವ್ವಾ? ಹಣ್ಣು ಕುಯ್ಯೋಕೆ ಆಸಕ್ತಿ ಯಾಕೆ? ಕೂಲಿ ಬಂದ್ರೆ ಆಯ್ತು" ಅಂದರು. ಹುಡುಗಿ 0 ಹಾಕಿದಳು.

ಮೂರನೇ ಪ್ರಶ್ನೆ ನಿದ್ದೆಯದು. "ನಿದ್ದೆ ಎಲ್ಲಿ ಬತ್ತದೆ? ದಿನಾ ಆನೆ ಬತ್ತವೆ" ಅಂದರು. ಹುಡುಗಿ "ಹೆಚ್ಚುಕಮ್ಮಿ ಪ್ರತಿದಿನ" ಅಂತ ಗುರುತು ಹಾಕಿ 3 ಬರೆದಳು. ಸಕಲೇಶಪುರ, ಆಲೂರು, ಬೇಲೂರಿನ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ತೋಟದಲ್ಲಿ ಕೊಂಬೆ ಮುರಿದ ಸದ್ದು ಕೇಳಿದರೆ ಇಡೀ ಲೈನು ಎದ್ದು ಕೂರುತ್ತದೆ.

ಕೊನೆಗೆ ಕೂಡಿದಾಗ ಅಂಕ 9 ಬಂತು. ಗೆರೆಯ ಈಚೆ. ಹಾಳೆಯ ಪ್ರಕಾರ ಆಯಮ್ಮನನ್ನು ಎಲ್ಲಿಗೂ ಕಳಿಸಬೇಕಿರಲಿಲ್ಲ. ಆದರೆ 0 ಅಂತ ಬರೆದಿದ್ದು ನಿಜಕ್ಕೂ 0 ಅಲ್ಲ. 3 ಅಂತ ಬರೆದಿದ್ದು ಮನಸ್ಸಿನದೋ ಆನೆಯದೋ ಗೊತ್ತಿಲ್ಲ. ಇನ್ನೊಂದು ವಿಷಯ. ಅಷ್ಟು ಹೊತ್ತೂ ತೋಟದ ರೈಟ್ರು, ಅಂದರೆ ಕೆಲಸದವರ ಲೆಕ್ಕ ನೋಡುವವರು, ಪಕ್ಕದಲ್ಲೇ ನಿಂತಿದ್ದರು.

ವಾಪಸ್ ಬಂದ ಮೇಲೆ ಒಂದು ಸಭೆಯಲ್ಲಿ ಈ ತೊಂದರೆ ಹೇಳಿದೆ. ಒಬ್ಬ ದೊಡ್ಡ ಡಾಕ್ಟರು, "ನೀವು ಫಾರಂ ತುಂಬಿಸಿ ಕೊಡಿ ಮೇಡಂ, ಉಳಿದಿದ್ದು ನಾವು ನೋಡ್ಕೋತೀವಿ" ಅಂದುಬಿಟ್ಟರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದರೂ ಆ ಮಾತು ಬಹಳ ನೋಯಿಸಿತು. ಉಳಿದಿದ್ದು ಅಂತ ಅವರು ಹೇಳಿದ್ದು ಲೆಕ್ಕ. ನನಗೆ ಕೆಲಸ ಇದ್ದಿದ್ದೇ ಆ ಫಾರಂ ಒಳಗೆ.

ನನ್ನ ಪ್ರಶ್ನೆ ಎರಡು. ಇಂಥ ಮಾತನ್ನು ನಮ್ಮ ಜನರ ಬಾಯಿಗೆ ಒಗ್ಗುವಂತೆ ಕೇಳುವುದು ಹೇಗೆ? ಮತ್ತೆ, ಕಾಯಿಲೆಯ ಜೊತೆ ಜನ ಹೇಗೆ ಬದುಕುತ್ತಾರೆ ಅನ್ನೋದನ್ನ ಕಲಿಸುವ ನಮ್ಮಂಥವರಿಗೆ ಇಲ್ಲಿ ಕಾಯಂ ಜಾಗ ಅಂತ ಒಂದು ಇದೆಯಾ?

ಹಳೇ ಸ್ಟೆತ್ (ಹಾಸನ)

ಮೇಡಂ, ನಾನು ಕಮ್ಯುನಿಟಿ ಮೆಡಿಸಿನ್ ಕಲಿಸುವವನು. ನಮ್ಮ ಕಾಲದಲ್ಲಿ ಪಿಎಸ್‌ಎಂ ಅನ್ನುತ್ತಿದ್ದೆವು. ಮೊದಲಿಗೆ, ಆ ಮಾತು ನಿಮಗೆ ಕೇಳಬೇಕಾಗಿ ಬಂದಿದ್ದಕ್ಕೆ ಬೇಸರವಾಯಿತು. ನಾವು ಡಾಕ್ಟರುಗಳು ಹಾಗೆ ಮಾತಾಡುವುದು ಉಂಟು. ನಾನೂ ಆಡಿದ್ದೇನೆ.

ನನ್ನ ಕಣ್ಣು ತೆರೆಸಿದ್ದು 2025ರ ಜೂನ್, ಜುಲೈ. ಹಾಸನದಲ್ಲಿ ಹೃದಯಾಘಾತದ ಸಾವು ಅಂತ ದಿನಾ ಬೆಳಗಾದರೆ ಸುದ್ದಿ. ಮೂವತ್ತು ವರ್ಷದ ಹುಡುಗರೆಲ್ಲ ಎದೆ ಹಿಡಿದುಕೊಂಡು ಬರುತ್ತಿದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವು ಅಸಹಜವಾಗಿ ಏರಿಲ್ಲ ಅಂತ ವರದಿ ಬಂತು. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಕುಡಿತ, ಇವೇ ಹಳೇ ಕಾರಣಗಳು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ವಿಷಯವೂ ಅದರಲ್ಲಿ ಬಂದಿತ್ತು.

ನಾವು ಇಸಿಜಿ ತೆಗೆದೆವು. ಎಕೋ ಮಾಡಿದೆವು. "ಏನೂ ಇಲ್ಲ, ಹೋಗಿ" ಅಂದೆವು. ಅವರು ಮೂರು ದಿನ ಬಿಟ್ಟು ಇನ್ನೊಂದು ಆಸ್ಪತ್ರೆ ಮುಂದೆ ನಿಂತಿದ್ದರು. ಏನೂ ಇಲ್ಲ ಅಂದರೂ ಒಬ್ಬ ಮನುಷ್ಯನಿಗೆ ಧೈರ್ಯ ಯಾಕೆ ಬರಲಿಲ್ಲ? ನಿಜಕ್ಕೂ ಬರಬೇಕಾಗಿದ್ದವರು, ಅಂದರೆ ಐವತ್ತೈದು ವರ್ಷದ, ಬೀಡಿ ಸೇದುವ, ಬಿಪಿ ಮಾತ್ರೆ ಬಿಟ್ಟವರು, ಆ ಸಾಲಿನಲ್ಲಿ ಯಾಕೆ ಅಷ್ಟು ಕಮ್ಮಿ ಕಂಡರು? ದಿನಕ್ಕೆ ಹದಿನಾಲ್ಕು ಗಂಟೆ ಗಾಡಿ ಓಡಿಸುವವನಿಗೆ "ವಾಕಿಂಗ್ ಮಾಡಿ" ಅಂದರೆ ಅವನು ಯಾವಾಗ ಮಾಡಬೇಕು? ಇದನ್ನು ಕೇಳುವ ವಿದ್ಯೆ ನಮಗೆ ಎಂಬಿಬಿಎಸ್‌ನಲ್ಲಿ ಸಿಕ್ಕಿದ್ದು ಚೂರುಪಾರು. ಸಮಾಜಶಾಸ್ತ್ರ ಅಂತ ಒಂದು ಅಧ್ಯಾಯ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು.

ಈಗ ಸ್ವಲ್ಪ ಬದಲಾಗಿದೆ. 2019ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ರೋಗಿಯ ಜೊತೆ ಮಾತಾಡುವುದು, ನಡೆದುಕೊಳ್ಳುವುದು ಕಲಿಸಲೇಬೇಕು. ಮಕ್ಕಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಹೋಗಿಬರುವ ಕಾರ್ಯಕ್ರಮವೂ ಇದೆ. ಆದರೆ ಅದನ್ನೆಲ್ಲ ಕಲಿಸುವವರು ಯಾರು? ಮತ್ತೆ ನಾವೇ ಡಾಕ್ಟರುಗಳು. ನಮ್ಮ ವಿಭಾಗದಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಅಂತ ಹುದ್ದೆ ಇರುತ್ತದೆ. ಅದು ಪಾಠ ಹೇಳುವ ಹುದ್ದೆಯ ಸಾಲಿನಲ್ಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕೆಲಸ ಇದೆ, ಕುರ್ಚಿ ಇಲ್ಲ. ಇದು ಸರಿಯಲ್ಲ ಅಂತ ನಾನು ಜೋರಾಗಿಯೇ ಹೇಳುತ್ತೇನೆ.

ನಿವೃತ್ತ ಮೇಷ್ಟ್ರು (ಚಿಕ್ಕಮಗಳೂರು)

ಡಾಕ್ಟರೇ, ನಿಮ್ಮ ಮಾತು ಕೇಳಿ ಸಂತೋಷವಾಯಿತು. ನಾನು ಮೂವತ್ತು ವರ್ಷ ಸಮಾಜಶಾಸ್ತ್ರ ಹೇಳಿದವನು. ಎರಡು ಹಳೇ ಕಥೆ ಹೇಳುತ್ತೇನೆ. ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ.

1950ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗೆ ಎಕ್ಸ್‌ರೇ ಗಾಡಿಗಳು ಬೀದಿಗೇ ಬರುತ್ತಿದ್ದವು. ಬಿಟ್ಟಿ ತಪಾಸಣೆ. ಆದರೂ ಬಹಳ ಜನ ಬರಲಿಲ್ಲ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ಹೋಕ್‌ಬಾಮ್, ರೋಸೆನ್‌ಸ್ಟಾಕ್ ಮುಂತಾದ ಮನಶ್ಶಾಸ್ತ್ರಜ್ಞರು ಯಾಕೆ ಅಂತ ಹುಡುಕಿದರು. ನನಗೂ ಈ ಕಾಯಿಲೆ ಬರಬಹುದು ಅಂತ ಅನ್ನಿಸಬೇಕು. ಬಂದರೆ ಕಷ್ಟ ಅನ್ನಿಸಬೇಕು. ತಪಾಸಣೆಯಿಂದ ಉಪಯೋಗ ಇದೆ ಅನ್ನಿಸಬೇಕು. ಅಡ್ಡಿ ಕಮ್ಮಿ ಇರಬೇಕು. ಆಗಲೇ ಜನ ಕಾಲು ಮುಂದಿಡುತ್ತಾರೆ. ಇದರಿಂದಲೇ ಆರೋಗ್ಯ ನಂಬಿಕೆಯ ಮಾದರಿ ಹುಟ್ಟಿತು. ಇವತ್ತಿಗೂ ಪಾಠದಲ್ಲಿದೆ.

ನನಗೆ ಇದಕ್ಕಿಂತ ಹತ್ತಿರದ್ದು ಎರಡನೇ ಕಥೆ. ನಡೆದಿದ್ದು ನಮ್ಮ ಪಕ್ಕದ ತುಮಕೂರು ಜಿಲ್ಲೆಯಲ್ಲಿ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ, ಆಂಡರ್ಸನ್ ಇಬ್ಬರೂ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತಾಡಿಸಿದರು. 1963ರಲ್ಲಿ ಅದು ಅಚ್ಚಾಯಿತು. ಆಗಿನ ನಂಬಿಕೆ ಏನು? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಅಂತ. ಕೇಳಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು! ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ದರು. ಜನ ಹೋಗಿದ್ದರು, ಆಸ್ಪತ್ರೆ ಅವರನ್ನು ಗುರುತಿಸಲಿಲ್ಲ. ಕ್ಷಯರೋಗದ ಕೆಲಸವನ್ನು ಸಾಮಾನ್ಯ ಆಸ್ಪತ್ರೆಗಳ ಜೊತೆಗೇ ನಡೆಸಬೇಕು ಅನ್ನುವುದಕ್ಕೆ ಇಂಥ ಕೆಲಸ ಬಲ ಕೊಟ್ಟಿತು. ಬ್ಯಾನರ್ಜಿಯವರು ಮುಂದೆ ದೆಹಲಿಯ ಜೆಎನ್‌ಯುನಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರ ಕಟ್ಟಿದರು.

ತಂಗಿ, ನೀನು ಆ ಹಾಳೆಯ 0 ನೋಡಿ ನಿಂತೆಯಲ್ಲ, ಅವರು ಮಾಡಿದ್ದೂ ಅದೇ. ಎಲ್ಲರೂ "ಗೊತ್ತು" ಅಂದುಕೊಂಡಿದ್ದನ್ನ ಹೋಗಿ ಕೇಳಿದರು.

ಚಾರ್ಮಾಡಿ ಗಾಳಿ (ಮೂಡಿಗೆರೆ)

ಎಲ್ಲರ ಮಾತು ಓದಿದೆ. ಬೇಜಾರು ಮಾಡಿಕೊಳ್ಳಬೇಡಿ, ನಾನು ಒಪ್ಪುವುದಿಲ್ಲ. ನಮ್ಮ ಅಮ್ಮನಿಗೆ ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿತು. ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ. ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಾಯಿತು. ದಾರಿಯಲ್ಲಿ ಅವರ ಕೈ ಹಿಡಿದುಕೊಂಡು ಕೂತಿದ್ದು ನಾನು. ನಮಗೆ ಮೊದಲು ಡಾಕ್ಟರ್ ಬೇಕು, ನರ್ಸ್ ಬೇಕು, ಆಂಬುಲೆನ್ಸ್ ಬೇಕು. ಇರುವ ದುಡ್ಡಿನಲ್ಲಿ ಪ್ರಶ್ನೆ ಕೇಳುವ ಪ್ರೊಫೆಸರ್ ನೇಮಿಸಿ ಅಂದರೆ ನಮ್ಮಂಥವರಿಗೆ ಏನು ಸಿಕ್ಕಿತು?

ಹೇಮಾವತಿ ದಡ

ಅಣ್ಣಾ, ಅಮ್ಮ ಈಗ ಹೇಗಿದ್ದಾರೆ? ನೀವು ಕೇಳಿದ್ದು ನ್ಯಾಯವಾಗಿದೆ. ಆ ರಾತ್ರಿ ನಾನು ನಿಮ್ಮ ಜೊತೆ ಇದ್ದರೂ ನನ್ನಿಂದ ಏನೂ ಆಗುತ್ತಿರಲಿಲ್ಲ. ಡಾಕ್ಟರ ಬದಲು ನಮ್ಮನ್ನು ತೆಗೆದುಕೊಳ್ಳಿ ಅಂತ ನಾನು ಯಾವತ್ತೂ ಕೇಳುವುದಿಲ್ಲ.

ಆದರೆ ಡಾಕ್ಟರ್ ಮಲೆನಾಡಿನಲ್ಲಿ ಯಾಕೆ ನಿಲ್ಲುವುದಿಲ್ಲ? ಬರೀ ಸಂಬಳ ಅಂತ ಎಲ್ಲರೂ ಹೇಳುತ್ತಾರೆ. ಕ್ವಾರ್ಟರ್ಸು, ಮಕ್ಕಳ ಸ್ಕೂಲು, ಗಂಡನೋ ಹೆಂಡತಿಯೋ ಎಲ್ಲಿ ಕೆಲಸ ಮಾಡುತ್ತಾರೆ, ಒಬ್ಬರೇ ಡ್ಯೂಟಿಯಲ್ಲಿದ್ದಾಗ ಗಲಾಟೆ ಆದರೆ ಯಾರು ಬರುತ್ತಾರೆ, ಇದನ್ನೂ ಕೂತು ಕೇಳಬೇಕಲ್ವಾ? ಅದೂ ನಮ್ಮ ಕೆಲಸವೇ. ಇನ್ನೊಂದು, ಈ ಜಾಗಗಳು ಹೊಸ ಆಸ್ಪತ್ರೆಯಷ್ಟು ದುಡ್ಡು ಕೇಳುವುದಿಲ್ಲ. ಒಂದು ಜಿಲ್ಲೆಗೆ ಇಬ್ಬರು ಕಾಯಂ ಮೇಷ್ಟ್ರು ಇದ್ದರೂ ವರ್ಷ ವರ್ಷ ನಲವತ್ತು ಮಕ್ಕಳು ಈ ವಿದ್ಯೆ ಕಲಿತು ಆಚೆ ಬರುತ್ತಾರೆ.

ಚಾರ್ಮಾಡಿ ಗಾಳಿ

ಅಮ್ಮ ಚೆನ್ನಾಗಿದ್ದಾರೆ ಮೇಡಂ, ಕೇಳಿದ್ದಕ್ಕೆ ಥ್ಯಾಂಕ್ಸ್. ಡಾಕ್ಟರ್ ಯಾಕೆ ನಿಲ್ಲಲ್ಲ ಅನ್ನೋದು ಕೇಳಬೇಕಾದ್ದೇ. ಆದರೂ ನನ್ನ ಮಾತು ನಾನು ಪೂರ್ತಿ ಬಿಟ್ಟಿಲ್ಲ.

ಆಶಾ ಅಕ್ಕ (ಕೊಪ್ಪ)

ನಾನು ಆಶಾ ಕಾರ್ಯಕರ್ತೆ. ನಮ್ಮ ಕಡೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. ಉಣುಗು ಕಚ್ಚಿ ಬರುತ್ತದೆ. ಮೊದಲಿದ್ದ ಲಸಿಕೆ ಈಗ ಕೊಡುತ್ತಿಲ್ಲ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ ಅಂತ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಡುತ್ತೇವೆ.

ಮನೆ ಮನೆಗೆ ಬಾಟಲಿ ಕೊಟ್ಟು ಸಹಿ ಹಾಕಿಸಿಕೊಂಡು ಬರುತ್ತೇನೆ. ಮುಂದಿನ ತಿಂಗಳು ಹೋದರೆ ಬಾಟಲಿ ಹಾಗೇ ಇರುತ್ತದೆ. ಮೇಲಿನವರು "ಜನರಿಗೆ ಅರಿವು ಮೂಡಿಸಿ" ಅನ್ನುತ್ತಾರೆ. ಅರಿವು ಇದೆ ಸ್ವಾಮಿ! ಸತ್ತವರನ್ನು ಕಣ್ಣಾರೆ ಕಂಡವರು ಅವರು.

ಒಂದು ಮನೆಯ ಅಜ್ಜಿ ಹತ್ತಿರ ಚಾವಡಿಯಲ್ಲಿ ಕೂತು ಕೇಳಿದೆ. ಅವರು ಹೇಳಿದ್ದು: "ಕಾಡಿಗೆ ಹೋಗ್ತೀನಿ ಅಂತ ಹೊರಟ್ರೆ ಹಚ್ಕೊಬೌದು. ನಾನು ಹೋಗೋದು ದನ ಹೊಡ್ಕೊಂಡು ಬರೋಕೆ, ದರಗು ತರೋಕೆ. ಅದು ಕಾಡಾ? ಅದು ನಮ್ಮನೆ ಹಿಂದೆ." ದರಗು ಅಂದರೆ ಉದುರಿದ ಒಣ ಎಲೆ. ನಮ್ಮ ಕರಪತ್ರದಲ್ಲಿ "ಕಾಡಿಗೆ ಹೋಗುವಾಗ" ಅಂತ ಅಚ್ಚಾಗಿದೆ. ಅವರ ಲೆಕ್ಕದಲ್ಲಿ ಅವರು ಕಾಡಿಗೆ ಹೋಗೇ ಇಲ್ಲ.

ಅವತ್ತಿಂದ ನಾನು "ದರಗಿಗೆ, ಸೌದೆಗೆ, ದನಕ್ಕೆ ಹೋಗೋ ಮುಂಚೆ" ಅಂತಲೇ ಹೇಳುತ್ತೇನೆ. ಬಾಟಲಿ ಕೊಟ್ಟಿಗೆ ಬಾಗಿಲ ಹತ್ತಿರ ತೂಗಿಸಿ ಅನ್ನುತ್ತೇನೆ. ಇದನ್ನ ನನಗೆ ಯಾರೂ ಕಲಿಸಿದ್ದಲ್ಲ, ಅಜ್ಜಿ ಹೇಳಿದ್ದು. ಆದರೆ ಇದನ್ನ ಬರೆದಿಟ್ಟುಕೊಂಡು ಉಳಿದ ಊರಿಗೆ ತಲುಪಿಸುವವರು ಯಾರಾದರೂ ಬೇಕಲ್ಲ ಮೇಡಂ. ನನಗೆ ರಿಜಿಸ್ಟರ್ ತುಂಬಿಸುವುದರಲ್ಲೇ ಹೊತ್ತು ಹೋಗುತ್ತದೆ.

ಹಳೇ ಸ್ಟೆತ್

ಅಕ್ಕಾ, ಈ ದರಗಿನ ಮಾತನ್ನು ನಾಳೆಯೇ ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ. ನೀವು ಹೇಳಿದ್ದು ಅಂತಲೇ ಹೇಳುತ್ತೇನೆ.

ಮೂರು ತಲೆಮಾರಿನ ತೋಟ (ಸಕಲೇಶಪುರ)

ರೈಟ್ರು ಪಕ್ಕದಲ್ಲಿ ನಿಂತಿದ್ದರು ಅಂದಿರಲ್ಲ, ಅದು ಓದಿ ಮನಸ್ಸಿಗೆ ಚುಚ್ಚಿತು. ನನ್ನ ತೋಟ ಅಲ್ಲದಿರಬಹುದು. ನನ್ನಲ್ಲಿಗೆ ಯಾರಾದರೂ ಬಂದಾಗ ನಾನೂ ರೈಟ್ರನ್ನು ಜೊತೆಗೆ ಕಳಿಸಿದ್ದೇನೆ. ಮರ್ಯಾದೆಗೆ ಅಂತ ಕಳಿಸಿದ್ದು. ಕೆಲಸದವರಿಗೆ ಅದು ಹೇಗೆ ಕಾಣುತ್ತದೆ ಅಂತ ಯೋಚನೆ ಮಾಡಿರಲಿಲ್ಲ.

ಸಾಹುಕಾರರೇ ಒಪ್ಪಿಗೆ ಕೊಟ್ಟ ಮೇಲೆ ಆಳು "ನಾನು ಹೇಳಲ್ಲ" ಅನ್ನುವುದು ಕಷ್ಟ. ನನ್ನ ಸಲಹೆ: ಕುಯ್ಲಿನ ದಿನ ಸಂಜೆ ಬೇಡ. ಆಗ ಒಲೆ ಹಚ್ಚಬೇಕು, ನೀರು ಕಾಯಿಸಬೇಕು. ಭಾನುವಾರ ಬನ್ನಿ, ಸಂತೆಗೆ ಹೋಗಿಬಂದ ಮೇಲೆ. ಮಾಲೀಕರಿಗೆ ಮೊದಲೇ ಹೇಳಿ, ನಮ್ಮವರು ಯಾರೂ ಹತ್ತಿರ ಇರುವುದಿಲ್ಲ ಅಂತ ಬಾಯಿಬಿಟ್ಟು ಒಪ್ಪಿಸಿಕೊಳ್ಳಿ. ಕೆಲವರು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಈಗ ಅಸ್ಸಾಂನಿಂದ ಬಂದವರೂ ನಮ್ಮ ಲೈನಿನಲ್ಲಿದ್ದಾರೆ. ಅವರ ಹತ್ತಿರ ಕನ್ನಡದ ಹಾಳೆ ನಡೆಯುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಮಂಗಳವಾರ (ಚಿಕ್ಕಮಗಳೂರು)

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ನಿಮ್ಹಾನ್ಸ್‌ನಲ್ಲಿ ಎಂಫಿಲ್ ಮಾಡಿದ್ದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಜೊತೆ ಕೆಲಸ ಮಾಡಿದ್ದೇನೆ. ಈ ಕಾರ್ಯಕ್ರಮದ ಬೇರು ನಮ್ಮ ರಾಜ್ಯದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ತಂದರು.

ಮೇಡಂ, ಹಾಳೆಯ ವಿಷಯಕ್ಕೆ ಬರುತ್ತೇನೆ. ಮಕ್ಕಳು ತಮಗೆ ತೋಚಿದ ಹಾಗೆ ಪ್ರಶ್ನೆ ಬದಲಿಸುವುದು ಬೇಡ. ಒಬ್ಬಳು ಒಂದು ಥರ, ಇನ್ನೊಬ್ಬಳು ಇನ್ನೊಂದು ಥರ ಕೇಳಿದರೆ ಅಂಕ ಹೋಲಿಸಲು ಬರುವುದಿಲ್ಲ. ಒಬ್ಬರು ಕನ್ನಡಕ್ಕೆ ತರಬೇಕು. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎಲ್ಲಿ ಜಾರಿತು ಅಂತ ಆಗ ಕಾಣುತ್ತದೆ. ಆಮೇಲೆ ಲೈನಿನ ಐದಾರು ಜನರ ಮುಂದೆ ಓದಿ, "ನಾನು ಏನು ಕೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ" ಅನ್ನಬೇಕು. ಅಂಕ ಬೇಡ, ಅವರ ಮಾತು ಮಾತ್ರ ಬರೆದುಕೊಳ್ಳಿ. ಈ ಹಂತವನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

"ಬೇಜಾರು" ಅನ್ನೋ ಪದ ನೋಡಿ. ಮಳೆ ಬಂದು ಆಟ ನಿಂತರೂ ಬೇಜಾರು, ಗಂಡ ಸತ್ತರೂ ಬೇಜಾರು. "ಖಿನ್ನತೆ" ಅಂದರೆ ಯಾರಿಗೂ ಹತ್ತುವುದಿಲ್ಲ. ನಾನು ಕೇಳಿಸಿಕೊಂಡಿದ್ದು "ಎದೆ ಭಾರ", "ಯಾವ್ದೂ ಬ್ಯಾಡ ಅನ್ಸತ್ತೆ", "ಕೈಕಾಲು ಬರಲ್ಲ". ಕೈಕಾಲು ಬರಲ್ಲ ಅಂದವರಿಗೆ ಟಾನಿಕ್ ಬರೆದುಕೊಟ್ಟಿರುವ ಚೀಟಿ ಎಷ್ಟು ನೋಡಿದ್ದೇನೋ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದನ್ನು ಕೇಳುವ ಮುಂಚೆಯೇ, "ಹೌದು" ಅಂದರೆ ಮುಂದೇನು ಅಂತ ನಿಮ್ಮ ಕೈಯಲ್ಲಿ ಇರಬೇಕು. ಯಾರಿಗೆ ಫೋನ್, ಯಾರ ಜೊತೆ ಕಳಿಸುವುದು, ಅವತ್ತು ರಾತ್ರಿ ಅವರ ಪಕ್ಕ ಯಾರು ಇರುತ್ತಾರೆ. 2022ರಿಂದ ಟೆಲಿಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಕಳಿಸಿ. ಈ ವ್ಯವಸ್ಥೆ ಕೈಯಲ್ಲಿ ಇಲ್ಲದೆ ಒಂಬತ್ತನೇದನ್ನು ಕೇಳಿ ಹಾಳೆ ಮಡಚಿಕೊಂಡು ಬರುವುದು ತಪ್ಪು. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ದ್ವಿತೀಯ ವರ್ಷ (ಹಾಸನ)

ಆ ಹಾಳೆಯಲ್ಲಿ 0 ಹಾಕಿದ ಹುಡುಗಿ ನಾನೇ. ಮೇಡಂ ಹೇಳದಿದ್ದರೂ ನಾನು ಹೇಳಬೇಕು ಅನ್ನಿಸಿತು. ನನಗೆ ಆವತ್ತು ಇಪ್ಪತ್ತು ಹಾಳೆ ಮುಗಿಸುವ ಅವಸರ ಇತ್ತು. ಈಗ ಇದರಲ್ಲೇ ಮುಂದೆ ಓದಬೇಕು ಅಂತ ಆಸೆಯಾಗಿದೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಕಟ್ಟು ಅಂತಾರೆ. ಯಾವ ದಾರಿ ಹಿಡಿಯಲಿ?

ಮಂಗಳವಾರ

ರೋಗಿಗಳ ಜೊತೆ ಕೆಲಸ ಮಾಡಬೇಕು ಅಂದರೆ ಮನೋವೈದ್ಯಕೀಯ ಸಮಾಜಕಾರ್ಯದ ಎರಡು ವರ್ಷದ ಎಂಫಿಲ್. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನೇ ಕೇಳುತ್ತದೆ. ಬೇರೆ ವಿಷಯಗಳಲ್ಲಿ ಎಂಫಿಲ್ ನಿಂತಿದೆ. ಇದಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಯುಜಿಸಿ 2025-26ರವರೆಗೆ ಅವಕಾಶ ಕೊಟ್ಟಿತ್ತು. ಅದಕ್ಕೇ ಸೇರುವ ಮುಂಚೆ ಈಗಿನ ನಿಯಮ ಕೇಳಿಕೊಂಡೇ ಹೆಜ್ಜೆ ಇಡಿ. ಪಾಠ ಮಾಡಬೇಕು ಅಂದರೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ, ಆಮೇಲೆ ಪಿಎಚ್‌ಡಿ. ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಆದರೆ ಮನೆಯವರಿಗೂ ಸ್ವಲ್ಪ ಸಮಾಧಾನ.

ನಿವೃತ್ತ ಮೇಷ್ಟ್ರು

ಮಗಳೇ, ಬ್ಯಾಂಕ್ ಪರೀಕ್ಷೆಯನ್ನೂ ಕಟ್ಟು. ಅಪ್ಪ ಅಮ್ಮನ ಭಯವನ್ನೂ ಕೂತು ಕೇಳು. ತಪ್ಪು ಮಾಡಿದೆ ಅಂತ ನಾಲ್ಕು ಜನರ ಮುಂದೆ ಹೇಳಿದ್ದೀಯ. ಓದುವ ಹುಡುಗರಲ್ಲಿ ನಾನು ಹುಡುಕುತ್ತಿದ್ದಿದ್ದು ಅದನ್ನೇ.

ಹೇಮಾವತಿ ದಡ (ನಾಲ್ಕು ವಾರದ ನಂತರ)

ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆ ಕನ್ನಡದ ಹಾಳೆಯನ್ನು ಹಿಂದೆ ಮುಂದೆ ಅನುವಾದ ಮಾಡಿಸಿದೆವು. ಹೊಸ ಹಾಳೆ ಇನ್ನೂ ಕೈಗೆ ಬಂದಿಲ್ಲ. ಹಳೇ ಸ್ಟೆತ್ ಸರ್ ತಮ್ಮ ವಿಭಾಗದ ಇಬ್ಬರು ಡಾಕ್ಟರನ್ನೂ ಕೂರಿಸಿದರು. ನೈತಿಕ ಸಮಿತಿಗೆ ಅರ್ಜಿ ಹೊಸದಾಗಿ ಬರೆದೆವು. ನನ್ನ ಕೆಲಸ ಮುಂದಿನ ವರ್ಷವೂ ಇರುತ್ತದಾ ಅನ್ನುವುದು ಅತಿಥಿ ಉಪನ್ಯಾಸಕರ ಆಯ್ಕೆಯ ಕೌನ್ಸೆಲಿಂಗ್ ಆಗುವವರೆಗೂ ಗೊತ್ತಾಗುವುದಿಲ್ಲ. ಅದರಲ್ಲಿ ಏನೂ ಬದಲಾಗಿಲ್ಲ.

ಮೊನ್ನೆ ಭಾನುವಾರ ಹಾಳೆ ಇಲ್ಲದೆ, ಸುಮ್ನೆ ಮಾತಾಡಿಸಿಕೊಂಡು ಬರೋಣ ಅಂತ ಅದೇ ಲೈನ್ ಮನೆಗೆ ಹೋಗಿದ್ದೆವು. ರೈಟ್ರು ಬಂದಿರಲಿಲ್ಲ. ಇದನ್ನು ಬರೆಯಲು ಆಯಮ್ಮನನ್ನು ಕೇಳಿ ಒಪ್ಪಿಗೆ ತಗೊಂಡಿದ್ದೇನೆ. ಗುರುತು ಸಿಗುವಂಥ ವಿವರ ಮೊದಲಿನಿಂದಲೂ ಬದಲಿಸಿಯೇ ಬರೆದಿದ್ದೇನೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಹುಡುಗಿ ಪಕ್ಕದಲ್ಲಿ ಕೂತು ತಾನೂ ಸುಲಿದಳು. ತುಂಬಾ ಹೊತ್ತಾದ ಮೇಲೆ ಕೇಳಿದಳು. "ಆನೆ ಬರದೇ ಇರೋ ದಿನ ನಿದ್ದೆ ಬರುತ್ತಾ ಅಮ್ಮಾ?"

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಆನೆ ಬಂದ ದಿನವೇ ಮೇಲು ಕಣವ್ವಾ. ಎಲ್ಲಾರೂ ಎದ್ದಿರ್ತಾರೆ" ಅಂದರು.

ಮಗ ಊರು ಬಿಟ್ಟು ಹೋಗಿ ಎರಡು ವರ್ಷವಾಗಿದೆ ಅನ್ನುವುದು ಆಮೇಲೆ ಬಂತು. ಒಂಬತ್ತನೇ ಪ್ರಶ್ನೆಯನ್ನು ನಾನೇ ಕೇಳಿದೆ. "ಹಂಗೆಲ್ಲ ಮಾಡ್ಕೊಳಲ್ಲ" ಅಂತ ಗಟ್ಟಿಯಾಗಿ ಹೇಳಿದರು. ಆದರೂ ನಂಬರ್ ಬರೆದುಕೊಟ್ಟು, ಪಕ್ಕದ ಮನೆಯ ಅವರ ಅಕ್ಕನಿಗೆ ಅವರ ಎದುರಿಗೇ ಹೇಳಿ ಬಂದೆವು. ಈ ಮಂಗಳವಾರ ಅವರ ಜೊತೆ ನಾವಿಬ್ಬರೂ ಬೆಳಗಿನ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಿದ್ದೇವೆ. ರೈಟ್ರ ಹತ್ತಿರ ಕಣ್ಣು ತೋರಿಸಿಕೊಂಡು ಬರ್ತೀನಿ ಅಂತ ರಜೆ ಕೇಳಿದ್ದಾರಂತೆ.